ಬೆಡ್ ನಂಬರ್ 14ರಿಂದ 15ಕ್ಕೆ

ಒಂದು ವಾರ್ಡಿನಲ್ಲಿ ಕೈ ಶುದ್ಧಿ ಹೇಗಿದೆ ಅಂತ ತಿಳಿಯಬೇಕಾದರೆ ಗೋಡೆಯ ಪೋಸ್ಟರ್ ನೋಡಿ ಪ್ರಯೋಜನವಿಲ್ಲ, ಸ್ಟೋರಿನಿಂದ ಸಾಮಾನು ತರಿಸಿದ್ದನ್ನು ಬರೆದಿಡುವ ಇಂಡೆಂಟ್ ಪುಸ್ತಕ ನೋಡಬೇಕು. ತಿಂಗಳಿಗೆ ಎಷ್ಟು ಬಾಟಲಿ ಹ್ಯಾಂಡ್‌ರಬ್ (ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರವ) ತರಿಸಿದ್ದಾರೆ, ಆ ತಿಂಗಳು ಎಷ್ಟು ರೋಗಿಗಳು ಎಷ್ಟು ದಿನ ಮಲಗಿದ್ದರು, ಇವೆರಡು ಗೊತ್ತಾದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಕನಿಷ್ಠ ಅಳತೆ, ರೋಗಿಗಳ 1,000 ದಿನಗಳಿಗೆ 20 ಲೀಟರ್. ಒಬ್ಬ ರೋಗಿಗೆ ದಿನಕ್ಕೆ 20 ಮಿಲಿಲೀಟರ್ ಆಯಿತು. ಒಂದು ಸಲ ಸರಿಯಾಗಿ ಕೈ ಉಜ್ಜಲು ಸುಮಾರು 3 ಮಿಲಿಲೀಟರ್ ಬೇಕು. ಹಾಗಾದರೆ ಇಡೀ 24 ಗಂಟೆಯಲ್ಲಿ, ಆ ರೋಗಿಯ ಸುತ್ತ ಬಂದುಹೋಗುವ ಡಾಕ್ಟರು, ಸಿಸ್ಟರು, ಮಾವಶಿ (ಆಯಾ), ಎಕ್ಸ್‌ರೇ ತೆಗೆಯುವವರು ಎಲ್ಲರೂ ಸೇರಿ ಆರೇಳು ಸಲ ಕೈ ಉಜ್ಜಿದ ಲೆಕ್ಕ. ಇದೇನೂ ದೊಡ್ಡ ಬೇಡಿಕೆಯಲ್ಲ. ಐಸಿಯುನಲ್ಲಿ ಇದರ ಎಷ್ಟೋ ಪಟ್ಟು ಬೇಕಾಗುತ್ತದೆ.

30 ರೋಗಿಗಳಿರುವ ವಾರ್ಡಿಗೆ ಇದೇ ಲೆಕ್ಕದಲ್ಲಿ ತಿಂಗಳಿಗೆ 18 ಲೀಟರ್ ಬೇಕು, ಅರ್ಧ ಲೀಟರಿನ 36 ಬಾಟಲಿ. ಇಂಡೆಂಟ್ ಪುಸ್ತಕದಲ್ಲಿ ತಿಂಗಳಿಗೆ 6 ಬಾಟಲಿ ಅಂತ ಬರೆದಿದ್ದರೆ, ಅಲ್ಲಿ ಒಬ್ಬ ರೋಗಿಯ ಪಾಲಿಗೆ ದಿನಕ್ಕೆ ಒಂದೇ ಒಂದು ಸಲ ಕೈ ಉಜ್ಜಿದಂತಾಯಿತು. ಮುಂಬೈಯ ಪಾಲಿಕೆ ಆಸ್ಪತ್ರೆಗಳಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರ ಒಟ್ಟಿಗೆ ಬಂದಾಗ ಮಂಚಗಳ ನಡುವೆ ನೆಲದ ಮೇಲೂ ಹಾಸಿಗೆ ಬೀಳುತ್ತದೆ. 30 ಮಂಚದ ವಾರ್ಡಿನಲ್ಲಿ 45 ಜನ. ಇಂಡೆಂಟ್ ಮಾತ್ರ ಮಂಚದ ಲೆಕ್ಕದಲ್ಲೇ ಹೋಗುತ್ತದೆ. ಲೆಕ್ಕ ಹಾಕಬೇಕಾದ್ದು ತಲೆಗಳನ್ನು. 45 ತಲೆಗೆ 27 ಲೀಟರ್.

ಮೇ 5 ವಿಶ್ವ ಕೈ ಶುದ್ಧಿ ದಿನ. ಅವತ್ತು ಆಸ್ಪತ್ರೆ ಆಸ್ಪತ್ರೆಯಲ್ಲೂ ಸಿನಿಮಾ ಹಾಡಿಗೆ ಕೈ ತೊಳೆಯುವ ಡಾನ್ಸ್ ನಡೆಯುತ್ತದೆ, ವಿಡಿಯೊ ವಾಟ್ಸಾಪಿನಲ್ಲಿ ಹರಿದಾಡುತ್ತದೆ. ಡಾನ್ಸ್ ಇರಲಿ, ಬೇಡ ಅನ್ನುವವರಾರು. ಮೇ 6ರ ಇಂಡೆಂಟ್ ಹೆಚ್ಚಾಯಿತೇ ಅಂತ ಮಾತ್ರ ಯಾರಾದರೂ ಕೇಳಬೇಕು.

ಕೈ ಯಾವಾಗ ತೊಳೆಯಬೇಕು ಅನ್ನುವುದೇ ಇಲ್ಲಿನ ಮುಖ್ಯ ಪ್ರಶ್ನೆ. ಹೇಗೆ ಅನ್ನುವುದು ಆಮೇಲಿನದು. ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿರುವುದು ಅಜ್ಜಿ ಕಲಿಸಿದ ಮಡಿಯ ಲೆಕ್ಕ: ಗಲೀಜು ಹೊರಗಿದೆ, ನಾನು ಮಡಿಯಲ್ಲಿದ್ದೇನೆ, ಗಲೀಜು ಮುಟ್ಟಿದರೆ ತೊಳೆದುಕೊಳ್ಳಬೇಕು. ಈ ಲೆಕ್ಕದಲ್ಲಿ ವಾರ್ಡಿಗೆ ಇಳಿದವರು ತಮ್ಮನ್ನು ಕಾಪಾಡಿಕೊಳ್ಳುವ ಹೊತ್ತಿಗೆಲ್ಲ ಕೈ ತೊಳೆಯುತ್ತಾರೆ. ರಕ್ತ ತಗುಲಿದರೆ, ವಾಂತಿ ಬಿದ್ದರೆ, ಬೆಡ್‌ಪ್ಯಾನ್ ಎತ್ತಿದರೆ ಯಾರೂ ಹೇಳಬೇಕಾಗಿಲ್ಲ. ತಪ್ಪಿಹೋಗುವುದು ರೋಗಿಯನ್ನು ಕಾಪಾಡುವ ಹೊತ್ತಿನವು, ಅಂದರೆ ಮುಟ್ಟುವ ಮುಂಚಿನವು. ಅಲ್ಲಿ ಮೈಲಿಗೆ ಹೊತ್ತುಕೊಂಡು ಓಡಾಡುತ್ತಿರುವುದು ನಮ್ಮದೇ ಕೈ, ನೋಡಲು ಎಷ್ಟೇ ಬೆಳ್ಳಗಿರಲಿ.

ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದ ಐದು ಕ್ಷಣಗಳನ್ನು ನರ್ಸಿಂಗ್ ಓದಿದವರೆಲ್ಲ ಬಾಯಿಪಾಠ ಹೇಳುತ್ತಾರೆ. ಬಾಯಿಪಾಠಕ್ಕಿಂತ ಒಂದು ಮಂಚದ ಬಳಿ ಐದು ನಿಮಿಷ ನಿಂತು ನೋಡಿದರೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಸಿಸ್ಟರ್ ಟ್ರಾಲಿ ತಳ್ಳಿಕೊಂಡು ಬೆಡ್ ನಂಬರ್ 14ಕ್ಕೆ ಬರುತ್ತಾರೆ. ಟ್ರಾಲಿಯ ಹಿಡಿ, ಕೇಸ್ ಪೇಪರ್, ಪೆನ್ನು, ಜೇಬಿನ ಮೊಬೈಲು, ಎಲ್ಲ ಮುಟ್ಟಿದ ಕೈ ಅದು. ರೋಗಿಯ ತೋಳಿಗೆ ಬಿಪಿ ಪಟ್ಟಿ ಸುತ್ತುವ ಮುಂಚೆ ಒಮ್ಮೆ ಉಜ್ಜಬೇಕು. ಇದು ಮೊದಲನೆಯದು. ಬಿಪಿ ನೋಡಿ, ದಿಂಬು ಸರಿಸಿ, ಹೊದಿಕೆ ಎಳೆದು, ಈಗ ರಕ್ತನಾಳಕ್ಕೆ ಚುಚ್ಚಿಟ್ಟ ನಳಿಗೆಯಲ್ಲಿ, ಅಂದರೆ ಕ್ಯಾನುಲಾದಲ್ಲಿ, ಆಂಟಿಬಯೋಟಿಕ್ ಕೊಡಬೇಕು. ಇಲ್ಲಿ ಹತ್ತರಲ್ಲಿ ಎಂಟು ಜನ ನೇರವಾಗಿ ಸಿರಿಂಜ್ ಕೈಗೆತ್ತಿಕೊಳ್ಳುತ್ತಾರೆ ಅಂದರೆ ಉತ್ಪ್ರೇಕ್ಷೆ ಅನಿಸಲಿಕ್ಕಿಲ್ಲ. ಈಗಷ್ಟೇ ಉಜ್ಜಿದ್ದೆನಲ್ಲ, ಅದೇ ರೋಗಿ ತಾನೇ ಅನ್ನುವ ಸಮಾಧಾನ. ಆದರೆ ರೋಗಿಯ ಚರ್ಮದ ಮೇಲೆ, ಹೊದಿಕೆಯ ಮೇಲೆ ಇದ್ದ ರೋಗಾಣುವಿಗೆ ಈಗ ರಕ್ತದೊಳಗೆ ನೇರ ದಾರಿ ಸಿಗುತ್ತಿದೆ. ಚರ್ಮದ ಮೇಲೆ ನಿರುಪದ್ರವಿಯಾಗಿದ್ದದ್ದು ರಕ್ತದಲ್ಲಿ ಹಾಗಿರುವುದಿಲ್ಲ. ಆದ್ದರಿಂದ ಮತ್ತೊಮ್ಮೆ ಉಜ್ಜಬೇಕು. ಉಜ್ಜಿ, ಕ್ಯಾನುಲಾದ ಬಾಯನ್ನು ಸ್ಪಿರಿಟ್ ಸ್ವಾಬಿನಿಂದ 15 ಸೆಕೆಂಡ್ ತಿರುವಿ ತಿರುವಿ ಒರೆಸಿ, ಒಣಗಲು ಬಿಟ್ಟು, ಆಮೇಲೆ ಸಿರಿಂಜ್. ಐದರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಅಂತ ಯಾರಾದರೂ ಒತ್ತಾಯ ಮಾಡಿದರೆ ನಾವು ಉಳಿಸಿಕೊಳ್ಳುವುದು ಇದನ್ನೇ.

ಮುಂದೆ ಯೂರೋಬ್ಯಾಗ್, ಅಂದರೆ ಮೂತ್ರ ತುಂಬುವ ಚೀಲ, ಖಾಲಿ ಮಾಡುವ ಕೆಲಸ. ಅದಕ್ಕೆ ಗ್ಲೌಸ್ ಹಾಕಿ, ಆ ರೋಗಿಗೇ ಮೀಸಲಾದ ಜಗ್ಗಿಗೆ, ನಳಿಗೆಯ ತುದಿ ಜಗ್ಗಿಗೆ ತಾಗದಂತೆ ಬಿಟ್ಟು, ತುದಿ ಒರೆಸಿ, ಮುಚ್ಚಿ, ಗ್ಲೌಸ್ ತೆಗೆದು, ಕೈ ಉಜ್ಜಿ. ಮೂರನೆಯದು. ಎಲ್ಲ ಬ್ಯಾಗಿಗೂ ಒಂದೇ ಜಗ್ ಹಿಡಿದುಕೊಂಡು ಸಾಲಾಗಿ ಹೋಗುವ ಪದ್ಧತಿ ಇರುವ ಕಡೆ, ವಾರ್ಡಿನ ಅರ್ಧ ಜನಕ್ಕೆ ಒಂದೇ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಮೂತ್ರದಲ್ಲಿ ಬೆಳೆದರೆ ಆಶ್ಚರ್ಯಪಡಬೇಕಿಲ್ಲ. ಆಮೇಲೆ ರೋಗಿಯನ್ನು ಮಗ್ಗುಲು ತಿರುಗಿಸಿ, ಸರಿಯಾಗಿ ಮಲಗಿಸಿ ಹೊರಡುವಾಗ ನಾಲ್ಕನೆಯದು.

ಅಷ್ಟರಲ್ಲಿ ಪಕ್ಕದ 15ರಿಂದ ಅಜ್ಜಿ ಕೂಗುತ್ತಾರೆ: ಸಲೈನ್ ನಿಂತುಹೋಗಿದೆ. ಸಿಸ್ಟರ್ ಹೋಗಿ ಸ್ಟ್ಯಾಂಡ್ ಸ್ವಲ್ಪ ಎತ್ತರಿಸಿ, ಚಕ್ರ ತಿರುಗಿಸಿ, ಹನಿ ಬೀಳುವುದು ನೋಡಿ ವಾಪಸ್ ಬರುತ್ತಾರೆ. ಅಜ್ಜಿಯನ್ನು ಮುಟ್ಟಲೇ ಇಲ್ಲ. ಆದರೂ ಉಜ್ಜಬೇಕು, ಇದು ಐದನೆಯದು. ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಒಣ ಮೇಲ್ಮೈ ಮೇಲೆ ವಾರಗಟ್ಟಲೆ ಬದುಕಿರುತ್ತದೆ. ಮಂಚದ ಕಂಬಿ, ಸ್ಟ್ಯಾಂಡು, ಲಾಕರಿನ ಹಿಡಿ ಅದರ ಮನೆ. 14ರ ಕೊನೆಯ ಉಜ್ಜುವಿಕೆಯೇ 15ರ ಮೊದಲನೆಯದಾಗಬಹುದು, ನಡುವೆ ಏನನ್ನೂ ಮುಟ್ಟದಿದ್ದರೆ. ನಡುವೆ ಟ್ರಾಲಿ ತಳ್ಳಿದರೆ, ಫೋನ್ ಎತ್ತಿದರೆ, ಆ ರಿಯಾಯಿತಿ ಇಲ್ಲ.

ಈಗ ಹೇಗೆ ಅನ್ನುವುದು. ಬಾಟಲಿಯ ಪಂಪ್ ಒಂದು ಸಲ ಒತ್ತಿದರೆ ಎಷ್ಟು ಬರುತ್ತದೆ ಅಂತ ಅಳೆದು ನೋಡಿ. ಒಳಗಿನ ದಂಡ ತೆಗೆದು, ತುದಿ ಮುಚ್ಚಿದ 5 ಮಿಲಿಲೀಟರ್ ಸಿರಿಂಜಿನ ಹಿಂಬದಿಯ ಬಾಯಿಗೆ ಹಿಡಿದರೆ ಸಾಕು, ಗೊತ್ತಾಗುತ್ತದೆ. ಅನೇಕ ಪಂಪ್‌ಗಳು ಒಂದೂವರೆಯನ್ನೂ ಕೊಡುವುದಿಲ್ಲ. ಹಾಗಿದ್ದರೆ ಎರಡು ಸಲ ಒತ್ತಬೇಕು. ದೊಡ್ಡ ಕೈಯವರಿಗೆ ಇನ್ನೂ ಸ್ವಲ್ಪ. ಅಳತೆ ಬೇಡ ಅನ್ನುವವರಿಗೆ ಒಂದು ಗುರುತಿದೆ: 10-15 ಸೆಕೆಂಡಿಗೇ ಕೈ ಒಣಗಿದರೆ ತೆಗೆದುಕೊಂಡದ್ದು ಕಡಿಮೆ. ಒಟ್ಟು 20ರಿಂದ 30 ಸೆಕೆಂಡ್ ಕೈ ಒದ್ದೆಯಾಗಿಯೇ ಇರಬೇಕು.

ಅಂಗೈಗೆ ಅಂಗೈ, ಬಲ ಅಂಗೈ ಎಡ ಹಿಂಗೈ ಮೇಲೆ ಬೆರಳು ಹೆಣೆದು, ಕೈ ಬದಲಿಸಿ ಅದೇ, ಮತ್ತೆ ಅಂಗೈಗೆ ಅಂಗೈ ಬೆರಳು ಹೆಣೆದು, ಬೆರಳುಗಳ ಹಿಂಭಾಗವನ್ನು ಎದುರು ಅಂಗೈಯೊಳಗೆ ಕೊಕ್ಕೆ ಹಾಕಿ, ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಿರುವಿ, ಕೊನೆಗೆ ಬೆರಳ ತುದಿಗಳನ್ನು ಕೂಡಿಸಿ ಎದುರು ಅಂಗೈಯಲ್ಲಿ ವೃತ್ತಾಕಾರವಾಗಿ. ಇದು ಎಲ್ಲ ಬೇಸಿನ್ನಿನ ಮೇಲೂ ಅಂಟಿಸಿರುವ ಕ್ರಮ. ಕ್ರಮ ಹಿಂದುಮುಂದಾದರೆ ಪ್ರಾಣ ಹೋಗುವುದಿಲ್ಲ. ಜಾಗ ಬಿಟ್ಟುಹೋದರೆ ತೊಂದರೆ. ಬಿಟ್ಟುಹೋಗುವ ಜಾಗಗಳು ಯಾವತ್ತೂ ಅವೇ: ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು, ಹಿಂಗೈ. ಬಲಗೈಯವರು ಎಡಗೈಯನ್ನು ಚೆನ್ನಾಗಿ ಉಜ್ಜುತ್ತಾರೆ, ಕೆಲಸ ಮಾಡುವ ಬಲಗೈಯ ಹೆಬ್ಬೆರಳು ಹಾಗೇ ಉಳಿಯುತ್ತದೆ. ಹೊಳೆಯುವ ಲೋಷನ್ ಹಚ್ಚಿಸಿ, ಕೈ ಉಜ್ಜಿಸಿ, ನೇರಳೆ ದೀಪದ ಪೆಟ್ಟಿಗೆಯಲ್ಲಿ ಇಟ್ಟು ತೋರಿಸುವ ಪರೀಕ್ಷೆ ಇದೆ. ಹತ್ತು ಉಪನ್ಯಾಸಕ್ಕಿಂತ ಆ ಒಂದು ನೋಟ ಮೇಲು. ಕ್ಯಾನುಲಾ ಮುಟ್ಟುವುದು ಅಂಗೈಯಲ್ಲ, ಬೆರಳ ತುದಿ. ಸಮಯವೇ ಇಲ್ಲ ಅನ್ನುವ ದಿನ ಬೆರಳ ತುದಿಯಿಂದಲೇ ಶುರುಮಾಡಿ ಅಂತ ಹೇಳುವುದು ನಮಗೆ ತಪ್ಪಾಗಿ ಕಾಣುವುದಿಲ್ಲ.

ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸುವುದು, ಗಾಳಿಯಲ್ಲಿ ಬೀಸುವುದು ಬೇಡ. ಒಣಗುವ ಆ ಹೊತ್ತಿನಲ್ಲೇ ಆಲ್ಕೋಹಾಲ್ ತನ್ನ ಕೆಲಸ ಮಾಡುವುದು.

ಆಲ್ಕೋಹಾಲ್ ಜಾಸ್ತಿಯಿದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಸ್ಟೋರ್ ನೋಡಿಕೊಳ್ಳುವವರಲ್ಲೂ ಇದೆ. ಹಾಗಿಲ್ಲ. ರೋಗಾಣುವಿನ ಪ್ರೋಟೀನು ಕೆಡಲು ಸ್ವಲ್ಪ ನೀರು ಬೇಕು. ಆದ್ದರಿಂದ 60ರಿಂದ 80 ಶೇಕಡಾ ಇರುವುದೇ ಶುದ್ಧ ಆಲ್ಕೋಹಾಲಿಗಿಂತ ಚೆನ್ನಾಗಿ ಕೊಲ್ಲುತ್ತದೆ. ಆಸ್ಪತ್ರೆಯ ಫಾರ್ಮಸಿಯಲ್ಲೇ ತಯಾರಿಸಿಕೊಳ್ಳಬಹುದಾದ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಹೀಗಿದೆ: 10 ಲೀಟರಿಗೆ 96 ಶೇಕಡಾದ ಎಥೆನಾಲ್ 8,333 ಮಿಲಿಲೀಟರ್, 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ 417, 98 ಶೇಕಡಾದ ಗ್ಲಿಸರಾಲ್ 145, ಮಿಕ್ಕಿದ್ದು ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರು. ಎಥೆನಾಲಿನ ಬದಲು ಐಸೊಪ್ರೊಪೈಲ್ ಆಲ್ಕೋಹಾಲ್ ಆದರೆ 99.8 ಶೇಕಡಾದ್ದು 7,515 ಮಿಲಿಲೀಟರ್. ಪೆರಾಕ್ಸೈಡ್ ಇರುವುದು ಕೈಯ ಮೇಲಿನ ರೋಗಾಣುವಿಗಲ್ಲ. ಬಾಟಲಿಯಲ್ಲೋ ಆಲ್ಕೋಹಾಲಿನಲ್ಲೋ ಉಳಿದಿರಬಹುದಾದ ಬೀಜಾಣುಗಳಿಗೆ, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ಬ್ಯಾಕ್ಟೀರಿಯಾಗಳಿಗೆ. ಅವು ಸಾಯಲು ತುಂಬಿದ ಬಾಟಲಿಯನ್ನು 72 ಗಂಟೆ ಎತ್ತಿಡಬೇಕು. ಅವಸರದಲ್ಲಿ ಬೆಳಿಗ್ಗೆ ಬೆರೆಸಿ ಮಧ್ಯಾಹ್ನ ವಾರ್ಡಿಗೆ ಕಳಿಸುವಂತಿಲ್ಲ. ತಯಾರಿಸುವ ಕೋಣೆಯಲ್ಲಿ ಗಾಳಿಯಾಡಬೇಕು, ಬೆಂಕಿ ಸುಳಿಯಬಾರದು. ಮೂಲೆಯ ದೇವರ ಫೋಟೊದ ಮುಂದಿನ ದೀಪವೂ ಬೆಂಕಿಯೇ. ಮಾರುಕಟ್ಟೆಯ ಸ್ಟೆರಿಲಿಯಂ ಥರದವುಗಳಲ್ಲಿ ಪ್ರೊಪನಾಲುಗಳ ಮಿಶ್ರಣ ಇರುತ್ತದೆ, ಕೆಲಸ ಒಂದೇ.

ಹ್ಯಾಂಡ್‌ರಬ್ ಸಾಲದ ಕಡೆಗಳು ಕೆಲವಿವೆ. ಕಣ್ಣಿಗೆ ಕಾಣುವ ಕೊಳೆ, ರಕ್ತ, ಮಲ ಇದ್ದರೆ ಸೋಪು ನೀರೇ. ಶೌಚದ ನಂತರವೂ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಭೇದಿಯ ರೋಗಿಯಿದ್ದರೂ ಸೋಪೇ, ಅದರ ಬೀಜಾಣುಗಳು ಆಲ್ಕೋಹಾಲಿಗೆ ಜಗ್ಗುವುದಿಲ್ಲ. ಉಜ್ಜಿ ನೀರಿನಲ್ಲಿ ಹರಿಸಿಬಿಡಬೇಕು, ಅಷ್ಟೆ. ಸೋಪು ನೀರಿಗೆ ಒಟ್ಟು 40ರಿಂದ 60 ಸೆಕೆಂಡ್. ಮೊದಲು ಕೈ ಒದ್ದೆ ಮಾಡಿ ಆಮೇಲೆ ಸೋಪು, ಒಣ ಚರ್ಮಕ್ಕೆ ನೇರ ಹಾಕಿದರೆ ಕೆರೆತ ಶುರು. ಬಿಸಿನೀರಿನಿಂದ ಹೆಚ್ಚಿನ ಪ್ರಯೋಜನವೇನೂ ಇಲ್ಲ, ಚರ್ಮ ಒಡೆಯುವುದೊಂದೇ ಲಾಭ.

ಇಷ್ಟಕ್ಕೂ ಮಂಚದ ಬಳಿಯ ಬಾಟಲಿಗೆ ಯಾಕೆ ಇಷ್ಟು ಒತ್ತು? ಕಾಲದ ಲೆಕ್ಕ ಮಾಡಿ. ಬೇಸಿನ್ನಿಗೆ ನಡೆದು, ತೊಳೆದು, ಒರೆಸಿಕೊಂಡು ಬರಲು ಒಂದೂವರೆ ನಿಮಿಷ ಅಂದುಕೊಳ್ಳಿ. ಗಂಟೆಗೆ 20 ಸಂದರ್ಭ ಬಂದರೆ 30 ನಿಮಿಷ ಕೈ ತೊಳೆಯುವುದಕ್ಕೇ ಹೋಯಿತು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ ಸಿಸ್ಟರ್ ಇರುವಾಗ ಇದನ್ನು ಕೇಳುವುದೇ ಅನ್ಯಾಯ. ಕೈಗೆಟಕುವಲ್ಲಿ ಬಾಟಲಿ ಇದ್ದರೆ ಅದೇ 20 ಸಂದರ್ಭಕ್ಕೆ ಎಂಟು ಹತ್ತು ನಿಮಿಷ, ಅದರಲ್ಲೂ ಉಜ್ಜುತ್ತಲೇ ರೋಗಿಯನ್ನು ಮಾತಾಡಿಸಬಹುದು.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮಾಡಿ ಬರುವ ವೈದ್ಯ ವಿದ್ಯಾರ್ಥಿಗಳಿಗೆ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟು ಮಾಡಿದರು. ಸೋಪು ಹಾಕಿದರೂ ಹೆಣದ ವಾಸನೆ ಹೋಗುತ್ತಿರಲಿಲ್ಲ, ಸುಣ್ಣದ ನೀರಿಗೆ ಹೋಗುತ್ತಿತ್ತು, ಅದೇ ಆಧಾರ; ರೋಗಾಣುವಿನ ಸಿದ್ಧಾಂತ ಇನ್ನೂ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸಾಯುತ್ತಿದ್ದ ಕಡೆ ಜೂನ್ ಹೊತ್ತಿಗೆ ಸಾವು ಸುಮಾರು 2ಕ್ಕಿಳಿಯಿತು. ಆದರೂ ಅವರ ಮಾತು ಬಹಳ ಕಾಲ ನಿಲ್ಲಲಿಲ್ಲ. ಅವರು ಸರಿ, ಜನ ಮೂರ್ಖರು ಅಂತ ಕಥೆ ಹೇಳುವುದು ರೂಢಿ. ನಮಗೆ ಕಾಣುವುದು ಇನ್ನೊಂದು ಬದಿ: ಚರ್ಮ ಸುಡುವ ದ್ರಾವಣ, ಬೈಗುಳ, ಕಟ್ಟುನಿಟ್ಟು. 150 ವರ್ಷ ಬಿಟ್ಟು ಜಿನೀವಾದ ಆಸ್ಪತ್ರೆಯಲ್ಲಿ ಡಿಡಿಯೆ ಪಿಟೆ ಮತ್ತು ಸಂಗಡಿಗರು ಬಾಟಲಿಯನ್ನು ಮಂಚಕ್ಕೂ ಜೇಬಿಗೂ ತಂದರು. 1994ರಿಂದ 1997ರೊಳಗೆ ಕೈ ಶುದ್ಧಿಯ ಪಾಲನೆ 48ರಿಂದ 66 ಶೇಕಡಾಕ್ಕೆ ಏರಿತು, ಆಸ್ಪತ್ರೆಯಲ್ಲಿ ತಗುಲುವ ಸೋಂಕು 1998ರ ಹೊತ್ತಿಗೆ 16.9ರಿಂದ 9.9 ಶೇಕಡಾಕ್ಕೆ ಇಳಿಯಿತು. ಗಮನಿಸಬೇಕಾದ್ದು, ಸೋಪಿನಲ್ಲಿ ತೊಳೆಯುವ ಪ್ರಮಾಣ ಹೆಚ್ಚಾಗಲೇ ಇಲ್ಲ. ಹೆಚ್ಚಿದ್ದೆಲ್ಲ ಬಾಟಲಿಯಿಂದ.

ಮುಂಬೈಯಲ್ಲಿ ಕೆಲವು ಕಡೆ ಆ ಬಾಟಲಿ ಸಿಸ್ಟರ್ ಇನ್‌ಚಾರ್ಜ್ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಹೊರಗಿಟ್ಟರೆ ಕಾಣೆಯಾಗುತ್ತದೆ, ಕುಡಿತದ ಚಟವಿರುವ ರೋಗಿ ಕುಡಿದುಬಿಡುತ್ತಾನೆ. ಎರಡೂ ಸುಳ್ಳಲ್ಲ. ಹಾಗೆಂದು ಬೀಗ ಪರಿಹಾರವಾಗದು. ತಂತಿಯ ಬುಟ್ಟಿಯಲ್ಲಿ ಮಂಚದ ಕಾಲ ಬದಿಗೆ ಸಿಕ್ಕಿಸುವುದು, ಅಪಾಯವಿರುವ ಕಡೆ ಪ್ರತಿಯೊಬ್ಬರ ಜೇಬಿಗೂ 100 ಮಿಲಿಲೀಟರಿನದು ಕೊಡುವುದು, ಇವೆರಡು ನಡೆಯುತ್ತವೆ.

ಗ್ಲೌಸ್ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಕೋವಿಡ್ ಹೋದಮೇಲೂ ಉಳಿದ ಚಾಳಿ ಇದು: ಬೆಳಿಗ್ಗೆ ಹಾಕಿದ ಗ್ಲೌಸು, ಮಂಚದಿಂದ ಮಂಚಕ್ಕೆ, ನಡುನಡುವೆ ಅದರ ಮೇಲೇ ಸ್ಯಾನಿಟೈಸರ್. ಗ್ಲೌಸ್ ಹಾಕಿದವರಿಗೆ ತಮ್ಮ ಕೈ ಸುರಕ್ಷಿತ ಅನ್ನುವ ಭಾವನೆ ಬರುತ್ತದೆ, ಬರಿಗೈಯಲ್ಲಿದ್ದಾಗಿನ ಎಚ್ಚರವೂ ಹೋಗುತ್ತದೆ. ಒಬ್ಬ ರೋಗಿಗೆ ಒಂದು ಜೊತೆ. ಅದೇ ರೋಗಿಯಲ್ಲೂ ಕೊಳಕು ಜಾಗದಿಂದ ಶುದ್ಧ ಜಾಗಕ್ಕೆ ಹೋಗುವಾಗ ಬದಲಾಯಿಸಬೇಕು. ತೆಗೆಯುವಾಗ ಮಣಿಕಟ್ಟಿನ ಹತ್ತಿರ ಹೊರಭಾಗವನ್ನು ಚಿವುಟಿ ಒಳಗುಹೊರಗಾಗಿ ಎಳೆದು, ಅದನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು, ಬರಿ ಬೆರಳನ್ನು ಎರಡನೆಯದರ ಒಳಬದಿಗೆ ತೂರಿಸಿ ಸುತ್ತಿ ಕೆಂಪು ಬುಟ್ಟಿಗೆ. ತಕ್ಷಣ ಕೈ ಉಜ್ಜಬೇಕು. ಕಣ್ಣಿಗೆ ಕಾಣದ ತೂತು ಇರುತ್ತದೆ, ತೆಗೆಯುವಾಗ ಮಣಿಕಟ್ಟಿಗೆ ತಾಗಿರುತ್ತದೆ.

ಇನ್ನು ಬೇಸಿನ್ನು. ಈ ನಗರದ ಎಷ್ಟೋ ನರ್ಸಿಂಗ್ ಹೋಮ್‌ಗಳು ವಾಸದ ಕಟ್ಟಡದ ನೆಲಮಹಡಿಯಲ್ಲೋ ಮೊದಲ ಮಹಡಿಯಲ್ಲೋ ಇರುವಂಥವು, ನಾಲ್ಕು ಫ್ಲಾಟ್ ಸೇರಿಸಿ ಮಾಡಿದ್ದು. ಅಲ್ಲಿ ಒಂದೇ ಬೇಸಿನ್ನಿನಲ್ಲಿ ಚಹಾದ ಕಪ್ಪು, ಡ್ರೆಸ್ಸಿಂಗ್ ಬೌಲು, ಡಾಕ್ಟರ ಕೈ, ಉಳಿದ ಸಲೈನು ಎಲ್ಲ ಹೋಗುತ್ತದೆ. ಬೇಸಿನ್ನಿನ ಕೆಳಗಿನ ಬಾಗಿದ ಪೈಪಿನಲ್ಲಿ ನಿಂತ ನೀರಿನ ಮೇಲೆ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಲೋಳೆಯ ಪದರ ಕಟ್ಟುತ್ತವೆ. ಡೆಕ್ಸ್‌ಟ್ರೋಸ್ ಸಲೈನಿನ ಸಕ್ಕರೆ, ಚಹಾದ ಹಾಲು ಅವಕ್ಕೆ ಊಟ. ನಲ್ಲಿಯ ಧಾರೆ ನೇರ ತೂತಿನ ಮೇಲೆ ಬಿದ್ದರೆ ಅದೆಲ್ಲ ಸಿಡಿದು ಒಂದು ಮೀಟರ್ ದೂರದವರೆಗೂ ಬೀಳುತ್ತದೆ. ಬೇಸಿನ್ನಿನ ಪಕ್ಕದ ಕಟ್ಟೆಯ ಮೇಲೆ ಇಂಜೆಕ್ಷನ್ ತುಂಬಿಸಬಾರದು ಅನ್ನುವುದು ಅದಕ್ಕೇ. ಕೈಗೆ ಒಂದು ಬೇಸಿನ್, ಉಪಕರಣಕ್ಕೆ ಬೇರೆ, ಕಪ್ಪಿಗೆ ಬೇರೆ. ಜಾಗವಿಲ್ಲ ಅಂದರೆ ಚಹಾವನ್ನು ಹೊರಗೆ ಕುಡಿಯುವುದೇ ಲೇಸು. ಮುಂಬೈಯಲ್ಲಿ ಚಹಾದವರಿಗೇನು ಬರ.

ಸೋಪಿನ ಡಬ್ಬಿಯಲ್ಲಿ ಎರಡು ತಪ್ಪು ನಡೆಯುತ್ತವೆ. ಅರ್ಧ ಖಾಲಿಯಾದ ಡಬ್ಬಿಗೆ ಮೇಲಿಂದ ತುಂಬುವುದು ಒಂದು, ಬಾಳಿಕೆ ಬರಲೆಂದು ನೀರು ಬೆರೆಸುವುದು ಇನ್ನೊಂದು. ನೀರು ಬೆರೆಸಿದರೆ ಅದರಲ್ಲಿನ ಸಂರಕ್ಷಕ ತೆಳುವಾಗಿ ಸೋಪಿನಲ್ಲೇ ಸೆರೇಷಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆಮೇಲೆ ಕೈ ತೊಳೆದಷ್ಟೂ ಅಂಟಿಸಿಕೊಂಡಂತೆ. ಖಾಲಿ ಮಾಡಿ, ತೊಳೆದು, ಒಣಗಿಸಿ, ಆಮೇಲೆ ತುಂಬಬೇಕು. ಆಗದಿದ್ದರೆ ಬಿಸಾಡುವ ಪೊಟ್ಟಣವೇ ಒಳ್ಳೆಯದು. ಗಟ್ಟಿ ಸೋಪಾದರೆ ಚಿಕ್ಕ ತುಂಡು, ನೀರು ಸೋರುವ ಜಾಲರಿ ತಟ್ಟೆ.

ಟವೆಲ್ ವಿಷಯದಲ್ಲಿ ಇಲ್ಲಿನ ಮಳೆಗಾಲ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಟಕ್ಕೆ ತೂಗುಹಾಕಿದ ಬಟ್ಟೆ ಒಣಗುವುದೇ ಇಲ್ಲ, ಹತ್ತು ಜನ ಅದಕ್ಕೇ ಒರೆಸುತ್ತಾರೆ. ಒದ್ದೆ ಕೈ ಒಣ ಕೈಗಿಂತ ಎಷ್ಟೋ ಸುಲಭವಾಗಿ ರೋಗಾಣುವನ್ನು ಎತ್ತಿಕೊಂಡು ಸಾಗಿಸುತ್ತದೆ. ಪೇಪರ್ ಟವೆಲ್ ದುಬಾರಿ ಅನ್ನುವವರು ಕರವಸ್ತ್ರದಷ್ಟು ಹತ್ತಿ ಬಟ್ಟೆಯ ತುಂಡುಗಳನ್ನು ಒಗೆದು, ಆಟೊಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ), ಒಂದು ಡಬ್ಬದಲ್ಲಿಟ್ಟು, ಒಬ್ಬರು ಒಂದೇ ಸಲ ಬಳಸಿ ಕೆಳಗಿನ ಬುಟ್ಟಿಗೆ ಹಾಕುವ ಏರ್ಪಾಡು ಮಾಡಿಕೊಳ್ಳಬಹುದು. ತಿರುಪಿನ ನಲ್ಲಿಯಾದರೆ ಆ ಬಟ್ಟೆಯಿಂದಲೇ ಹಿಡಿದು ಮುಚ್ಚಬೇಕು. ಕೊಳಕು ಕೈಯಲ್ಲಿ ತೆರೆದ ನಲ್ಲಿಯನ್ನು ಶುದ್ಧ ಕೈಯಲ್ಲಿ ಮುಚ್ಚಿದರೆ ತೊಳೆದದ್ದು ವ್ಯರ್ಥ. ಮಳೆಗಾಲದ ಮುಂಚೆ ಕೆರೆಗಳ ಮಟ್ಟ ಇಳಿದು ಪಾಲಿಕೆ ನೀರು ಕಡಿತ ಮಾಡುವ ದಿನಗಳಿಗೆ ನಲ್ಲಿಯಿರುವ ಡ್ರಮ್ಮು ಇಟ್ಟುಕೊಂಡಿರಬೇಕು. ಬಕೆಟ್ಟು-ಮಗ್ ಬೇಡ, ಮಗ್ಗಿನ ಹಿಡಿಯನ್ನು ಎಲ್ಲರೂ ಮುಟ್ಟುತ್ತಾರೆ.

ಆಪರೇಷನ್ ಥಿಯೇಟರಿನದು ಬೇರೆಯೇ ಅಧ್ಯಾಯ. ಬ್ರಷ್ಷಿನಿಂದ 10 ನಿಮಿಷ ತಿಕ್ಕುವ ಹಳೆಯ ಪದ್ಧತಿಯನ್ನು ಇನ್ನೂ ಹೆಮ್ಮೆಯಿಂದ ನಡೆಸುವವರಿದ್ದಾರೆ. 2ರಿಂದ 5 ನಿಮಿಷ ಸಾಕು, ಬ್ರಷ್ ಚರ್ಮ ಗೀರಿ ಒಳಗಿನ ಬ್ಯಾಕ್ಟೀರಿಯಾವನ್ನು ಹೊರಗೆಳೆಯುತ್ತದೆ. ಹ್ಯಾಂಡ್‌ರಬ್ಬಿನಿಂದ ಮಾಡುವುದಾದರೆ ಕೈ ಪೂರ್ತಿ ಒಣಗಿರಬೇಕು, ಮೊಣಕೈವರೆಗೆ ಒಟ್ಟು ಸುಮಾರು 15 ಮಿಲಿಲೀಟರ್, ಆರಿದ ಮೇಲೆಯೇ ಗ್ಲೌಸ್.

ಬಳೆಯ ವಿಷಯ ಎತ್ತಿದರೆ ಮನಸ್ತಾಪವಾಗುತ್ತದೆ, ಆದರೂ ಎತ್ತಬೇಕು. ಬಳೆ, ಉಂಗುರ, ವಾಚ್ ಇದ್ದರೆ ಮಣಿಕಟ್ಟಿಗೂ ಬೆರಳ ಬುಡಕ್ಕೂ ದ್ರವ ತಲುಪುವುದಿಲ್ಲ. ಮಂಗಳಸೂತ್ರವನ್ನು ಏಪ್ರನ್ನಿನ ಒಳಗೆ ಸೇರಿಸಿದರೆ ಮುಗಿಯಿತು. ಗಾಜಿನ ಬಳೆಗೆ ಹಾಗೆ ಉಪಾಯವಿಲ್ಲ, ಕೆಲಸದ ಹೊತ್ತಿನಲ್ಲಿ ತೆಗೆದಿಡಬೇಕು. ಗಂಡಸರದ್ದು ಇನ್ನೂ ಕಷ್ಟ. ಗಣೇಶೋತ್ಸವದಿಂದ ನವರಾತ್ರಿಯವರೆಗೆ ಡಾಕ್ಟರು, ವಾರ್ಡ್‌ಬಾಯ್ ಎಲ್ಲರ ಮಣಿಕಟ್ಟಿನಲ್ಲೂ ಕೆಂಪು ದಾರ. ಅದು ದಿನವಿಡೀ ಒದ್ದೆ, ತಿಂಗಳಾದರೂ ಬಿಚ್ಚುವುದಿಲ್ಲ. ಡ್ರೆಸ್ಸಿಂಗ್ ಮಾಡುವಾಗ ಅದರ ತುದಿ ಗಾಯಕ್ಕೆ ತಾಗುವುದನ್ನು ಯಾವ ವಾರ್ಡಿನಲ್ಲಾದರೂ ನೋಡಬಹುದು. ತೋಳಿಗೆ ಕಟ್ಟಿಕೊಂಡರೆ ದೇವರಿಗೇನೂ ಬೇಸರವಾಗದು. ಉಗುರು ಅರ್ಧ ಸೆಂಟಿಮೀಟರಿಗಿಂತ ಉದ್ದ ಬೇಡ, ಅಂಟಿಸುವ ಉಗುರು ಬೇಡವೇ ಬೇಡ.

ಕೈ ಉರಿಯುತ್ತದೆ, ಅದಕ್ಕೇ ಸ್ಯಾನಿಟೈಸರ್ ಹಾಕುವುದಿಲ್ಲ ಅನ್ನುವವರ ಕೈ ತಿರುಗಿಸಿ ನೋಡಿ. ಗೆಣ್ಣುಗಳ ಮೇಲೆ ಸಣ್ಣ ಬಿರುಕು ಇರುತ್ತದೆ. ಬಿರುಕು ಮಾಡಿದ್ದು ಬಹುಪಾಲು ಸೋಪು. ಆಲ್ಕೋಹಾಲ್ ಅದನ್ನು ಉರಿಸಿ ತೋರಿಸುತ್ತದೆ ಅಷ್ಟೆ. ಸೋಪು ತೊಳೆದ ಕೂಡಲೇ ಮತ್ತೆ ರಬ್ ಹಚ್ಚುವ ಅಭ್ಯಾಸ ನಿಲ್ಲಿಸಿ, ಎರಡರಲ್ಲಿ ಒಂದು ಸಾಕು. ಪಾಳಿ ಮುಗಿದಾಗ, ಮಲಗುವಾಗ ಮಾಯಿಶ್ಚರೈಸರ್ ಹಚ್ಚಬೇಕು. ನಮ್ಮ ಕರಾವಳಿಯ ಸಿಸ್ಟರುಗಳು ತೆಂಗಿನೆಣ್ಣೆ ಹಚ್ಚುತ್ತಾರೆ. ಮನೆಯಲ್ಲಿ ಧಾರಾಳವಾಗಿ ಹಚ್ಚಿಕೊಳ್ಳಲಿ, ಡ್ಯೂಟಿಯಲ್ಲಿ ಬೇಡ, ಎಣ್ಣೆಗೆ ಲೇಟೆಕ್ಸ್ ಗ್ಲೌಸ್ ಸಡಿಲವಾಗಿ ಹರಿಯುತ್ತದೆ.

ಆಡಿಟ್ ಮಾಡುವವರು ಫೈಲು ಹಿಡಿದು ಬಾಗಿಲಲ್ಲಿ ನಿಂತಾಗ ಎಲ್ಲರೂ ಕೈ ಉಜ್ಜುತ್ತಾರೆ. ಆ ಅಂಕಿ ನಂಬಬೇಡಿ. ಸುಮಾರು 20 ನಿಮಿಷ, ಹೇಳದೆ, ಬೇರೆ ಬೇರೆ ಪಾಳಿಯಲ್ಲಿ, ಒಟ್ಟು 200 ಸಂದರ್ಭವಾದರೂ ಎಣಿಸಬೇಕು. ಜೊತೆಗೆ ಇಂಡೆಂಟ್ ಪುಸ್ತಕ ಪಕ್ಕದಲ್ಲಿಟ್ಟು ತಾಳೆ ಹಾಕಬೇಕು. ಎರಡು ಹೊಂದದಿದ್ದರೆ ಪುಸ್ತಕವೇ ನಿಜ.

ಕೊನೆಯದಾಗಿ ಮನೆಯವರು. ಸರ್ಕಾರಿ ಆಸ್ಪತ್ರೆಯಲ್ಲಿ ತಿನ್ನಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು ಬಹುಪಾಲು ಅವರೇ. ಡೊಂಬಿವಲಿಯಿಂದ ಲೋಕಲಿನ ಹಿಡಿಕೆ ಹಿಡಿದು ಪರೇಲಿಗೆ ಬಂದ ಕೈ ನೇರ ರೋಗಿಯ ಹಣೆಗೆ ಹೋಗುತ್ತದೆ. ವಾರ್ಡಿನ ಫಲಕಗಳು ಮರಾಠಿ, ಇಂಗ್ಲಿಷಿನಲ್ಲಿ. ಕಲಬುರಗಿ, ವಿಜಯಪುರದಿಂದ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಬಂದವರಿಗೆ ಅವು ತಲುಪುವುದಿಲ್ಲ. ಪಕ್ಕದ ಮಂಚದ ಕನ್ನಡದವರು "ಯಕ್ಕಾ, ಕೈ ತೊಳಕೊಂಡೇ ಮುಟ್ರಿ" ಅಂದು ಒಮ್ಮೆ ಮಾಡಿ ತೋರಿಸಿದರೆ ಯಾವ ಫಲಕವೂ ಬೇಡ. ಕೆಲಸದ ಸರದಿ ಇಟ್ಟುಕೊಳ್ಳಿ: ಮೊದಲು ಊಟ, ಮಾತ್ರೆ, ಆಮೇಲೆ ಮೂತ್ರ, ಮಲ. ಸರದಿ ತಪ್ಪಿದರೆ ನಡುವೆ ಸೋಪು. ಬೇರೆಯವರ ಮಂಚದ ಮೇಲೆ ಕೂರಬೇಡಿ, ಪಕ್ಕದವರ ಸಲೈನ್ ಸರಿಮಾಡಲು ಹೋಗಬೇಡಿ, ಸಿಸ್ಟರ್ ಕರೆಯಿರಿ. ಡಾಕ್ಟರು ಕೈ ಉಜ್ಜದೆ ಬಂದರೆ ಕೇಳಲು ಸಂಕೋಚ ಸಹಜ; "ಡಾಕ್ಟ್ರೇ, ಬಾಟಲಿ ಇಲ್ಲೇ ಇದೆ" ಅಂತ ಮುಂದೆ ಹಿಡಿದರೆ ಯಾರೂ ಬೇಡ ಅನ್ನುವುದಿಲ್ಲ.

ಕಿಮೊ ನಡೆಯುತ್ತಿರುವವರನ್ನು ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಇಟ್ಟುಕೊಂಡವರಿಗೆ ಈ ನಿಯಮ ವಾರ್ಡಿಗಿಂತಲೂ ಬಿಗಿ. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಅಡುಗೆ ಮಾಡುವವರು, ಮಕ್ಕಳು, ನೋಡಲು ಬಂದವರು, ಸ್ವತಃ ರೋಗಿ, ಎಲ್ಲರೂ ಸೋಪಿನಲ್ಲಿ ತೊಳೆದೇ ಹತ್ತಿರ ಬರಬೇಕು; ರೋಗಿಗೆ ಪ್ರತ್ಯೇಕ ಟವೆಲ್. ಎದೆಯಲ್ಲಿ ಅಥವಾ ತೋಳಿನಲ್ಲಿ ಔಷಧಿ ಕೊಡುವ ನಳಿಗೆ (ಲೈನ್) ಇದ್ದರೆ ಅದರ ಬಾಯನ್ನು ಕಲಿಸಿಕೊಟ್ಟವರು ಮಾತ್ರ ಮುಟ್ಟಬೇಕು, ಅದೂ ಕೈ ಉಜ್ಜಿದ ಮೇಲೆ. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿ ಎಷ್ಟೇ ಹೊತ್ತಾಗಿರಲಿ ಕ್ಯಾಶುಯಲ್ಟಿಗೆ ಕರೆದುಕೊಂಡು ಹೋಗಿ, ಕೇಸ್ ಪೇಪರ್ ಜೊತೆಗಿರಲಿ.